ಎರಡನೆಯ ಕೀ

ನಿವೃತ್ತರಾದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ವೈರಾಗ್ಯ ಬರುತ್ತದೆ. ನಮ್ಮ ಡಬಲ್ ಕೀ ಗುಮಾಸ್ತರಿಗೆ ಅನುಮಾನ ಬಂತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಅವರಿಗೆ ಮೊದಲಿನಿಂದಲೂ ಇತ್ತು. ನಿವೃತ್ತಿಯಾದ ಮೇಲೆ ಅದಕ್ಕೆ ಪುರುಸೊತ್ತು ಸಿಕ್ಕಿತು, ಅಷ್ಟೆ.

ಮೂವತ್ತೊಂದು ವರ್ಷ ಅವರು ಒಂದು ಬ್ಯಾಂಕಿನ ನೆಲಮಾಳಿಗೆಯಲ್ಲಿ ಲಾಕರ್ ಕೋಣೆ ಕಾದವರು. ಗಾಳಿಯಿಲ್ಲದ ಕೋಣೆ, ಗೋಡೆಯುದ್ದಕ್ಕೂ ಉಕ್ಕಿನ ಪುಟ್ಟ ಪುಟ್ಟ ಬಾಗಿಲುಗಳು, ಒಂದು ಮೇಜು, ಮೇಜಿನ ಮೇಲೆ ಒಂದು ರಿಜಿಸ್ಟರು. ಗಿರಾಕಿ ಬಂದರೆ ಗಿರಾಕಿಯ ಕೀ ಒಂದು, ಗುಮಾಸ್ತರ ಕೀ ಒಂದು. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯಬೇಕು, ಇಬ್ಬರೂ ಸಹಿ ಹಾಕಬೇಕು. ಈ ನಿಯಮ ಅವರ ರಕ್ತದಲ್ಲಿ ಸೇರಿಹೋಗಿತ್ತು. ಮನೆಯಲ್ಲಿ ಬಿಸ್ಕತ್ತಿನ ಡಬ್ಬಕ್ಕೂ ಎರಡು ಬೀಗ. ಒಂದು ಕೀ ಅವರ ಹತ್ತಿರ, ಇನ್ನೊಂದು ಹೆಂಡತಿಯ ಹತ್ತಿರ. ಗಂಡಹೆಂಡಿರಲ್ಲಿ ಜಗಳವಾದ ದಿನ ಯಾರಿಗೂ ಬಿಸ್ಕತ್ತಿಲ್ಲ.

ಇಂಥವರು ನಾಲ್ಕು ದಿನ ತಂಗಿಯ ಮನೆಯಲ್ಲಿದ್ದು ಬರೋಣವೆಂದು ಒಂದು ಸಣ್ಣ ಊರಿಗೆ ಹೊರಟರು. ಹೊರಡುವ ಮುನ್ನ, ಜೊತೆಯಲ್ಲೇ ನಿವೃತ್ತರಾದ ಕ್ಯಾಷಿಯರ್ ಬಂದು ಕಿವಿಯಲ್ಲಿ ಹೇಳಿದ್ದರು: "ಸಣ್ಣ ಊರು ಅಂತ ಮೈಮರೀಬೇಡಿ. ದೊಡ್ಡ ಊರಿನ ಕಳ್ಳನಿಗೆ ಟೈಮಿಲ್ಲ, ಸಿಕ್ಕಿದ್ದು ಬಾಚ್ಕೊಂಡು ಹೋಗ್ತಾನೆ. ಸಣ್ಣ ಊರಿನ ಕಳ್ಳ ಪುರುಸೊತ್ತಿನವನು. ಕೂತು, ನೋಡಿ, ಆರಿಸಿ ಕದೀತಾನೆ." ಗುಮಾಸ್ತರು ಅಂದೇ ಪೇಟೆಗೆ ಹೋಗಿ, ಒತ್ತಿದರೆ ತಾನೇ ಕಚ್ಚಿಕೊಳ್ಳುವ ಉಕ್ಕಿನ ಬೀಗ ಎರಡು, ಒಂದು ಗಜ ಸರಪಳಿ, ಒಂದು ರಿಜಿಸ್ಟರು ತಂದು ಚೀಲಕ್ಕೆ ಹಾಕಿಕೊಂಡರು. ಬಟ್ಟೆಗೆ ಆಮೇಲೆ ಜಾಗ ಸಾಲಲಿಲ್ಲ.

ತಂಗಿಯ ಮನೆ ತಲುಪಿದಾಗ ಸಂಜೆಯಾಗಿತ್ತು. ಅವರು ಮೊದಲು ನೋಡಿದ್ದು ತಂಗಿಯನ್ನಲ್ಲ, ಬಾಗಿಲನ್ನು.

"ಇದರ ಚಿಲಕ ಎಲ್ಲಿ?"

"ಚೆನ್ನಾಗಿದ್ದೀಯಾ ಅಣ್ಣ? ಬಾ, ಬಾ. ಚಿಲಕಾನಾ? ಮಳೇಲಿ ಬಾಗಿಲು ಊದ್ಕೊಂಡಿತ್ತು ನೋಡು, ಆಗ ತೆಗೆಸಿದ್ವಿ. ವಾಪಸ್ ಹಾಕಿಸೋಕೆ ಆಗಲೇ ಇಲ್ಲ."

"ಯಾವ ಮಳೆ?"

ತಂಗಿ ಸ್ವಲ್ಪ ಯೋಚಿಸಿದಳು. "ಇವಳು ಹುಟ್ಟೋಕೆ ಮುಂಚಿನ ಮಳೆ ಇರಬೇಕು," ಎಂದು ಇಪ್ಪತ್ಮೂರು ವರ್ಷದ ಮಗಳ ಕಡೆ ಕೈ ತೋರಿಸಿದಳು.

ಗುಮಾಸ್ತರು ಆ ರಾತ್ರಿ ಬಾಗಿಲಿಗೆ ಅಡ್ಡಲಾಗಿ ಸೋಫಾ ಎಳೆದು, ಅದರ ಮೇಲೆಯೇ ಮಲಗಿದರು.

ಮಾರನೆಯ ದಿನ ಆ ಮನೆಯ ಪಾಲಿಗೆ ಸಾಮಾನ್ಯ ದಿನವಲ್ಲ. ತಂಗಿಯ ಮಗಳಿಗೆ ದೊಡ್ಡಾಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ ಗೊತ್ತಾಗಿತ್ತು. ಮೂರು ವರ್ಷ ಅರ್ಜಿ ಗುಜರಾಯಿಸಿ ಗುಜರಾಯಿಸಿ ಸಿಕ್ಕಿದ್ದು. ಅಂದು ಮಧ್ಯಾಹ್ನ ಎರಡು ಗಂಟೆಯೊಳಗೆ ಆಸ್ಪತ್ರೆಯ ಆಫೀಸಿನಲ್ಲಿ ಮೂಲ ಸರ್ಟಿಫಿಕೇಟುಗಳನ್ನು ತೋರಿಸಬೇಕು. ಒಂದು ನಿಮಿಷ ತಡವಾದರೂ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ ಎಂದು ಪತ್ರದಲ್ಲಿ ಬರೆದೇ ಇತ್ತು.

ಬೆಳಿಗ್ಗೆ ಒಂಬತ್ತಕ್ಕೆ ತಾಯಿ ಮಗಳು ಫೋಟೋ ತೆಗೆಸಲು ಸ್ಟುಡಿಯೋಗೆ ಹೊರಟರು. "ಫೈಲು ಮೇಜಿನ ಮೇಲಿರಲಿ ಅಣ್ಣ. ಬಂದ ತಕ್ಷಣ ಎತ್ಕೊಂಡು ಆಸ್ಪತ್ರೆಗೆ ಹೋಗೋದು. ಬಾಗಿಲು ಹಾಕ್ಬೇಡ, ಯಾರಾದ್ರೂ ಬರ್ತಾ ಇರ್ತಾರೆ," ಎಂದಳು ತಂಗಿ.

ಯಾರಾದರೂ ಬರುತ್ತಾರೆ ಎಂದರೆ ಏನರ್ಥ ಎಂದು ಕೇಳುವಷ್ಟರಲ್ಲಿ ಅವಳು ರಸ್ತೆ ಸೇರಿಯಾಗಿತ್ತು. ಅರ್ಥ ಹತ್ತು ನಿಮಿಷದಲ್ಲಿ ತಾನೇ ಒಳಗೆ ಬಂತು. ಹೆಗಲ ಮೇಲೆ ಅಳತೆ ಟೇಪು ಹಾಕಿಕೊಂಡ ಒಬ್ಬಾತ, ಪಕ್ಕದ ಮನೆಯ ಟೈಲರ್, ಸೀದಾ ಒಳಕೋಣೆಗೆ ಹೋಗಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಹೊರಬಂದ.

"ರೀ! ರೀ! ಏನ್ರೀ ಅದು?"

"ಇಸ್ತ್ರಿಪೆಟ್ಟಿಗೆ ಸಾರ್," ಎಂದು ಟೈಲರ್ ನಕ್ಕು ಹೋದ.

ಗುಮಾಸ್ತರಿಗೆ ಬಾಯಿ ಮುಚ್ಚಲು ಆಗಲಿಲ್ಲ. ಆ ಬಾಯಿ ಇನ್ನೂ ತೆರೆದಿರುವಾಗಲೇ ಎದುರುಮನೆಯ ನರ್ಸಮ್ಮ ಬಂದು ಫ್ರಿಜ್ ತೆಗೆದು, ಒಂದು ಪಾತ್ರೆ ಒಳಗಿಟ್ಟು, ಇನ್ನೊಂದು ಪಾತ್ರೆ ಹೊರತೆಗೆದು, "ಅಣ್ಣಾವ್ರಾ? ನಿನ್ನೆ ಬಂದ್ರಂತೆ. ಸೋಫಾ ಮೇಲೆ ಮಲಗಿದ್ರಂತೆ. ಬೆನ್ನು ನೋವು ಬರಲ್ವಾ?" ಎಂದು ವಿಚಾರಿಸಿ ಹೋದಳು. ರಾತ್ರಿ ಎಲ್ಲಿ ಮಲಗಿದ್ದೆ ಎಂಬುದು ಬೆಳಿಗ್ಗೆಯೊಳಗೆ ಬೀದಿಗೆ ಗೊತ್ತು! ಪುರುಸೊತ್ತಿನಿಂದ ಕೂತು, ನೋಡಿ, ಆರಿಸಿ ಕದಿಯುವವರು ಎಂದು ಕ್ಯಾಷಿಯರ್ ಹೇಳಿದ್ದು ಇದನ್ನೇ ಅಲ್ಲವೆ?

ಅವರ ಕಣ್ಣು ಮೇಜಿನ ಮೇಲಿನ ಫೈಲಿಗೆ ಹೋಯಿತು. ಹುಡುಗಿಯ ಬದುಕು ಹೀಗೆ ಬಟಾಬಯಲಿನಲ್ಲಿ! ಅವರು ತಡಮಾಡಲಿಲ್ಲ. ಫೈಲನ್ನು ಒಳಕೋಣೆಯ ಕಬ್ಬಿಣದ ಬೀರುವಿನಲ್ಲಿಟ್ಟರು. ಕೈಗೆ ಸಿಕ್ಕಿದ ಬೆಲೆಬಾಳುವ ವಸ್ತುಗಳನ್ನೆಲ್ಲ ಜೊತೆಗೆ ತುಂಬಿದರು. ಹಿಡಿಗಳ ನಡುವೆ ಸರಪಳಿ ಸುತ್ತಿ, ಎರಡೂ ಬೀಗಗಳನ್ನು ಟಕ್ ಟಕ್ ಎಂದು ಒತ್ತಿದರು. ಒಂದು ಕೀ ಆಗಲೇ ಅತ್ಯಂತ ಭದ್ರವಾದ ಜಾಗ ಸೇರಿತ್ತು. ಎಲ್ಲಿ ಎಂದು ಕೇಳಬೇಡಿ. ಅಂಥದ್ದನ್ನು ಯಾರಿಗೂ ಹೇಳದಿರುವುದೇ ಭದ್ರತೆ.

ಉಳಿದದ್ದು ಎರಡನೆಯ ಕೀ. ಅದು ಇನ್ನೊಬ್ಬರ ಕೈಯಲ್ಲಿರಬೇಕು. ಎರಡೂ ಒಬ್ಬನ ಹತ್ತಿರವೇ ಇದ್ದರೆ ಎರಡು ಬೀಗ ಹಾಕಿ ಏನು ಬಂತು? ತಂಗಿಗೆ ಕೊಡೋಣವೆಂದರೆ ಅವಳು ಚಿಲಕವಿಲ್ಲದವಳು. ಟೈಲರಿಗೋ ನರ್ಸಮ್ಮನಿಗೋ ಕೊಡುವುದೆಂದರೆ, ಬಾಗಿಲು ತಟ್ಟದೆ ನುಗ್ಗುವ ಜನ. ಗುಮಾಸ್ತರು ಕೀ ಹಿಡಿದು ಮೆಟ್ಟಿಲ ಮೇಲೆ ಚಿಂತಾಕ್ರಾಂತರಾಗಿ ನಿಂತರು.

ಆಗ ಗೇಟಿನ ಆಚೆ ಒಬ್ಬ ಮನುಷ್ಯ ಕಂಡ. ಅರವತ್ತರ ಆಸುಪಾಸು. ಒಗೆದ ಅಂಗಿ, ನುಣ್ಣಗೆ ಬೋಳಿಸಿದ ಮುಖ, ಎಡಗಾಲು ಸ್ವಲ್ಪ ಕುಂಟು.

"ಸ್ವಾಮಿ, ಟೈಮೆಷ್ಟು?"

"ಒಂಬತ್ತೂ ನಲವತ್ತು. ಒಳಗೆ ಬನ್ನಿ, ಯಾಕೆ ಅಲ್ಲೇ ನಿಂತಿರಿ?"

"ಅಯ್ಯೋ, ಬೇಡಿ ಸ್ವಾಮಿ." ಆ ಮನುಷ್ಯ ಎರಡು ಹೆಜ್ಜೆ ಹಿಂದಕ್ಕೇ ಹೋದ. "ಗೇಟು ದಾಟಿ ನಾನು ಯಾರ ಮನೆಗೂ ಬರಲ್ಲ."

ಗುಮಾಸ್ತರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಈ ಬೀದಿಯಲ್ಲಿ ಒಬ್ಬನಾದರೂ ಮರ್ಯಾದಸ್ಥ ಇದ್ದಾನಲ್ಲ!

"ಎಲ್ಲಿಗೆ ಹೊರಟಿರಿ?"

"ಹತ್ತು ಗಂಟೆಗೆ ಒಂದು ಕಡೆ ಸಹಿ ಹಾಕ್ಬೇಕು. ಹನ್ನೆರಡು ವರ್ಷ ಆಯ್ತು, ಒಂದಿನ ತಪ್ಪಿಸಿಲ್ಲ. ಒಂದು ನಿಮಿಷ ಲೇಟಾಗಿಲ್ಲ."

"ಹನ್ನೆರಡು ವರ್ಷ!"

"ತಪ್ಪಿಸಿದ್ರೆ ಅವರೇ ಜೀಪ್ ತಗೊಂಡು ಮನೆಗೆ ಬಂದುಬಿಡ್ತಾರೆ."

ಎಂಥ ಗೌರವ! ಬ್ಯಾಂಕಿನವರು ತಮ್ಮ ಮನೆಗೆ ಒಂದು ಸೈಕಲ್ಲನ್ನೂ ಕಳಿಸಿದವರಲ್ಲ. ಗುಮಾಸ್ತರು ಮುಂದೆ ಯೋಚಿಸಲೇ ಇಲ್ಲ. ರಿಜಿಸ್ಟರು ತಂದರು, ಗೇಟಿನ ಮೇಲೆ ತೆರೆದಿಟ್ಟರು, ಆ ಮನುಷ್ಯನ ಅಂಗೈಯಲ್ಲಿ ಎರಡನೆಯ ಕೀ ಇಟ್ಟರು.

"ಬೀರುವಿನ ಎರಡನೇ ಬೀಗದ್ದು ಇದು. ಯಾರು ಕೇಳಿದರೂ ಕೊಡಬಾರದು. ನಾನೇ ಬಂದು ಕಾಲಿಗೆ ಬಿದ್ದರೂ ಕೊಡಬಾರದು. ನಾವಿಬ್ಬರೂ ಬೀರುವಿನ ಎದುರು ನಿಂತಿರಬೇಕು, ನೀವೇ ನಿಮ್ಮ ಕೈಯಾರೆ ತೆಗೀಬೇಕು. ತಿಳೀತಾ?"

ಆ ಮನುಷ್ಯ ಅಂಗೈಯಲ್ಲಿದ್ದ ಕೀಯನ್ನೇ ನೋಡುತ್ತ ನಿಂತ. "ನನಗಾ ಸ್ವಾಮಿ? ನನಗೇನಾ ಕೊಡ್ತಿರೋದು?"

"ನಿಮಗೇ."

ಆತ ಸಹಿ ಹಾಕಿ, ಕೀಯನ್ನು ಕರ್ಚೀಫಿನಲ್ಲಿ ಮೂರು ಗಂಟು ಹಾಕಿ ಕಟ್ಟಿಕೊಂಡು ಹೋದ.

ತಾಯಿ ಮಗಳು ಮನೆಗೆ ಬಂದಾಗ ಹನ್ನೆರಡು ದಾಟಿತ್ತು. ಯಂತ್ರ ಕೆಟ್ಟಿತೆಂದು ಸ್ಟುಡಿಯೋದವನು ಅಷ್ಟು ಹೊತ್ತು ಕೂರಿಸಿದ್ದ.

"ಮಾವ, ಫೈಲೆಲ್ಲಿ?"

ಗುಮಾಸ್ತರು ಮುಗುಳ್ನಕ್ಕು, ಇಬ್ಬರನ್ನೂ ಕರೆದೊಯ್ದು ಬೀರು ತೋರಿಸಿದರು. ಸರಪಳಿ, ಎರಡು ಬೀಗ.

"ಸರಿ ಅಣ್ಣ, ತೆಗಿ ಬೇಗ."

"ನಾನೊಬ್ಬನೇ ತೆಗೆಯೋಕಾಗಲ್ಲ. ಎರಡನೇ ಕೀ ಇನ್ನೊಬ್ಬರ ಹತ್ತಿರ ಇದೆ. ಭಾರಿ ಸಂಭಾವಿತರು. ಪಾಪ, ಗೇಟು ದಾಟಿ ಯಾರ ಮನೆಗೂ ಬರಲ್ಲವಂತೆ."

ಇಸ್ತ್ರಿಪೆಟ್ಟಿಗೆ ವಾಪಸು ಇಡಲು ಬಂದಿದ್ದ ಟೈಲರ್ ನಿಂತಲ್ಲೇ ನಿಂತ. "ಸ್ವಲ್ಪ ಕುಂಟ್ತಾರಾ ಸಾರ್?"

"ಹೌದು."

"ದಿನಾ ಹತ್ತಕ್ಕೆ ಸಹಿ ಹಾಕೋಕೆ ಹೋಗ್ತಾರಾ?"

"ಹೌದು! ಹನ್ನೆರಡು ವರ್ಷದಿಂದ ತಪ್ಪಿಸಿಲ್ಲ. ನಿಮಗೆ ಪರಿಚಯಾನಾ?"

ಟೈಲರ್ ಇಸ್ತ್ರಿಪೆಟ್ಟಿಗೆಯನ್ನು ತನ್ನ ಕಾಲಿನ ಮೇಲೆಯೇ ಕೈಬಿಟ್ಟ. ಕಿರುಚಿದ್ದು ಕಾಲಿನ ನೋವಿಗಲ್ಲ. "ಅಯ್ಯಯ್ಯೋ! ಹೆಂಚಪ್ಪನ ಕೈಗೆ ಕೀ ಕೊಟ್ಟುಬಿಟ್ಟಿದಾರೆ!"

ಹೆಂಚು ತೆಗೆದು ಮನೆಗೆ ಇಳಿಯುತ್ತಿದ್ದುದರಿಂದ ಬಂದ ಹೆಸರು ಅದು. ಬೀದಿಯ ಒಂದೊಂದು ಮನೆಗೂ ಇಳಿದಿದ್ದ; ಟೈಲರನ ಮನೆಯಿಂದ ಹೊಲಿಗೆ ಯಂತ್ರ ಹೋಗಿತ್ತು, ನರ್ಸಮ್ಮನ ಮನೆಯಿಂದ ಗೋಡೆ ಗಡಿಯಾರ. ಕೊನೆಯ ಸಲ ಛಾವಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಜೈಲಿನಿಂದ ಬಂದ ಮೇಲೆ, ಈ ಬೀದಿಯ ಯಾವ ಗೇಟನ್ನೂ ದಾಟುವುದಿಲ್ಲವೆಂದು, ಯಾವ ಬೀಗವನ್ನೂ ಮುಟ್ಟುವುದಿಲ್ಲವೆಂದು ಠಾಣೆಯಲ್ಲಿ ಬರೆದುಕೊಟ್ಟಿದ್ದ. ದಿನಾ ಹತ್ತಕ್ಕೆ ಸಹಿ ಹಾಕುತ್ತಿದ್ದುದೂ ಅಲ್ಲೇ.

ಗುಮಾಸ್ತರು ಇಷ್ಟು ದೊಡ್ಡ ಬೀದಿಯಲ್ಲಿ ಹುಡುಕಿ ಹುಡುಕಿ ಕಳ್ಳನ ಕೈಗೇ ಕೀ ಕೊಟ್ಟಿದ್ದರು! ಕ್ಷಣದಲ್ಲಿ ಮನೆಯ ತುಂಬ ಜನ. ಒಬ್ಬರು ಸುತ್ತಿಗೆ ತಂದರು, ಒಬ್ಬರು ಹಾರೆ ತಂದರು. ಬೀಗಗಳು ಜಪ್ಪಯ್ಯ ಎನ್ನಲಿಲ್ಲ.

"ಎಂಥ ಬೀಗ ತಂದಿದ್ದೀರಿ ಸಾರ್!" ಟೈಲರ್ ಬೆವರು ಒರೆಸಿಕೊಂಡ. "ಇದನ್ನ ತೆಗೆಯೋಕೆ ಬರೋದು ಈ ಊರಲ್ಲಿ ಒಬ್ಬನಿಗೇ." ಆ ಒಬ್ಬ ಯಾರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ತಂಗಿಯ ಮಗಳು ಗೋಡೆಗೆ ಒರಗಿ ಕೂತುಬಿಟ್ಟಳು. "ಮೂರು ವರ್ಷ ಮಾವ," ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗುಮಾಸ್ತರು ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಠಾಣೆಗೆ ಓಡಿದರು.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಸಾರ್, ಹೆಂಚಪ್ಪ... ಕೀ... ಓಡಿಹೋಗಿದ್ದಾನೆ... ಹಿಡೀರಿ!"

"ಓಡಿಹೋಗೋದಾ?" ಹೆಡ್ ಕಾನ್‌ಸ್ಟೇಬಲ್ ನಿಟ್ಟುಸಿರುಬಿಟ್ಟ. "ಹೋಗು ಹೋಗು ಅಂತ ಬೆಳಿಗ್ಗೆಯಿಂದ ನಾನೇ ಗೋಗರೀತಾ ಇದ್ದೀನಿ. ಸಹಿ ಹಾಕಿದ. ಆಮೇಲೆ, ನನ್ನನ್ನ ಲಾಕಪ್ಪಿಗೆ ಹಾಕಿ ಅಂತ ಹಟ ಹಿಡಿದ. ಯಾಕಪ್ಪಾ ಅಂದ್ರೆ, ನನ್ನ ಹತ್ರ ಭಾರಿ ಜವಾಬ್ದಾರಿ ವಸ್ತು ಇದೆ, ಹೊರಗೆಲ್ಲ ಕಳ್ಳರಿದ್ದಾರೆ ಅಂತಾನೆ! ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇಂಥದ್ದು ಕೇಳಿಲ್ಲ ಸಾರ್."

ಲಾಕಪ್ಪಿನ ಮೂಲೆಯಲ್ಲಿ ಹೆಂಚಪ್ಪ ಕರ್ಚೀಫಿನ ಗಂಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ಕೂತಿದ್ದ. ಗುಮಾಸ್ತರು ಕಂಬಿ ಹಿಡಿದು ಕೈ ಚಾಚಿದರು.

"ಕೊಡಪ್ಪಾ, ಕೀ ಕೊಡು!"

ಹೆಂಚಪ್ಪ ಹೌಹಾರಿ ಗೋಡೆಗೆ ಅಂಟಿಕೊಂಡ. "ಏನ್ ಸ್ವಾಮಿ ಇದು? ನೀವೇ ಬಂದು ಕೇಳಿದ್ರೂ ಕೊಡಬಾರದು ಅಂದಿದ್ರಿ. ನನ್ನನ್ನ ಪರೀಕ್ಷೆ ಮಾಡ್ತಿದ್ದೀರಾ?"

"ನಿನ್ನ ಕಾಲಿಗೆ ಬೀಳ್ತೀನಿ!"

"ಕಾಲಿಗೆ ಬಿದ್ರೂ ಕೊಡಬಾರದು ಅಂತಾನೂ ಅಂದಿದ್ರಿ."

ಹೆಡ್ ಕಾನ್‌ಸ್ಟೇಬಲ್ ಗದರಿಸಿದ, ಲಾಠಿ ತೋರಿಸಿದ. ಹೆಂಚಪ್ಪ ಜಗ್ಗಲಿಲ್ಲ. "ಹೊಡೀರಿ ಸಾರ್. ಕಳ್ಳತನ ಮಾಡಿ ಬೇಕಾದಷ್ಟು ಸಲ ಹೊಡೆಸಿಕೊಂಡಿದ್ದೀನಿ. ಮಾಡದೇ ಇದ್ದಿದ್ದಕ್ಕೂ ಒಂದು ಸಲ ಆಗಲಿ. ನನ್ನ ಜನ್ಮದಲ್ಲಿ ಯಾರೂ ನನ್ನ ಕೈಗೆ ಒಂದು ಕೀ ಕೊಟ್ಟವರಿಲ್ಲ. ಬೀರು ಎದುರೇ ತೆಗೀತೀನಿ."

ಇನ್ನು ವಾದಿಸಲು ಹೊತ್ತಿರಲಿಲ್ಲ. ಮೂವರೂ ಜೀಪು ಹತ್ತಿದರು. ಮನೆ ತಲುಪಿದಾಗ ಒಂದೂಕಾಲು. ಬೀದಿಗೆ ಬೀದಿಯೇ ಅಂಗಳದಲ್ಲಿತ್ತು. ಗುಮಾಸ್ತರು ಒಳಗೆ ಓಡಿ, ಹಿಂತಿರುಗಿ ನೋಡಿದರೆ ಹೆಂಚಪ್ಪ ಗೇಟಿನ ಆಚೆಯೇ ನಿಂತಿದ್ದಾನೆ.

"ಬಾರಯ್ಯಾ!"

"ಗೇಟು ದಾಟಲ್ಲ ಅಂತ ಬರೆದುಕೊಟ್ಟಿದ್ದೀನಿ ಸ್ವಾಮಿ. ಈ ಬೀದಿಯವರ ಮುಂದೆ."

ಎಲ್ಲರೂ ಟೈಲರನ ಮುಖ ನೋಡಿದರು; ಬರೆಸಿಕೊಂಡಾಗ ಎಲ್ಲರಿಗಿಂತ ಮುಂದೆ ನಿಂತಿದ್ದವನು ಅವನೇ. ಟೈಲರ್ ಕೆಮ್ಮಿದ, ಟೇಪನ್ನು ಸುತ್ತಿದ, ಬಿಚ್ಚಿದ. "ಈಗ ಬಾ ಮಾರಾಯ, ಹುಡುಗಿ ಕೆಲಸ ಹೋಗತ್ತೆ," ಎಂದ.

ಹೆಂಚಪ್ಪ ಕದಲಲಿಲ್ಲ. ಆಗ ತಂಗಿ ಜನರನ್ನು ಸರಿಸಿಕೊಂಡು ಬಂದು ಗೇಟನ್ನು ತಾನೇ ತೆಗೆದಳು. "ಒಳಗೆ ಬನ್ನಿ ಅಣ್ಣ," ಎಂದಳು, ಬಂದ ನೆಂಟರನ್ನು ಕರೆಯುವ ದನಿಯಲ್ಲೇ.

ಹೆಂಚಪ್ಪ ಚಪ್ಪಲಿ ಬಿಟ್ಟು, ಅಂಗಿ ಸರಿಮಾಡಿಕೊಂಡು, ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತ. "ಈ ಮನೆಗೆ ಬಾಗಿಲಿಂದ ಬರ್ತಿರೋದು ಇದೇ ಮೊದಲು," ಎಂದ. ಅಲ್ಲಿಯವರೆಗೆ ತನ್ನ ಮನೆಗೂ ಅವನು ಇಳಿದಿದ್ದನೆಂದು ತಂಗಿಗೇ ಗೊತ್ತಿರಲಿಲ್ಲ.

ಬೀರುವಿನ ಎದುರು ಇಬ್ಬರೂ ನಿಂತರು. ಗುಮಾಸ್ತರು ರಿಜಿಸ್ಟರು ತೆರೆದರು, ಹೊತ್ತು ಬರೆದರು. ನಿಯಮದ ಪ್ರಕಾರ ಮೊದಲು ತಮ್ಮ ಬೀಗ. ಅಂಗಿಯ ಜೇಬಿಗೆ ಕೈ ಹಾಕಿದರು. ಪ್ಯಾಂಟಿನ ಜೇಬು ನೋಡಿದರು. ಮತ್ತೆ ಅಂಗಿಯ ಜೇಬು ತಡಕಿದರು.

"ಎಲ್ಲಿಟ್ಟಿದ್ದೀಯ ಅಣ್ಣ?" ಎಂದಳು ತಂಗಿ.

"ಕೋಟಿನ ಒಳಜೇಬಿನಲ್ಲಿ."

"ಕೋಟೆಲ್ಲಿ?"

ಗುಮಾಸ್ತರು ಬೆರಳೆತ್ತಿ ಬೀರುವನ್ನು ತೋರಿಸಿದರು. ಬೆಲೆಬಾಳುವ ಕೋಟು; ಅದನ್ನು ಹೊರಗೆ ಹೇಗೆ ಬಿಡುವುದು?

ನರ್ಸಮ್ಮ ಎದೆ ಹಿಡಿದುಕೊಂಡಳು. ಟೈಲರ್ ನೆಲದ ಮೇಲೆ ಕೂತ. ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದು ಗಾಳಿ ಹಾಕಿಕೊಂಡ. ಅವರೆಲ್ಲರಿಗಿಂತ ದಿಗಿಲುಬಿದ್ದವನು ಹೆಂಚಪ್ಪ.

"ಏನ್ ಸ್ವಾಮಿ ನೀವು! ಕೀ ಇಟ್ಕೊಳ್ಳೋ ರೀತೀನಾ ಇದು?"

ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಹುಡುಗಿ ತಲೆಯಿಂದ ಒಂದು ಪಿನ್ನು ತೆಗೆದು ಹೆಂಚಪ್ಪನ ಎದುರು ಹಿಡಿದಳು. ಹೆಂಚಪ್ಪ ಹೆಡ್ ಕಾನ್‌ಸ್ಟೇಬಲ್ ಕಡೆ ನೋಡಿದ. "ಬೀಗ ಮುಟ್ಟಲ್ಲ ಅಂತ ಬರೆದುಕೊಟ್ಟಿದ್ದೀನಿ ಸಾರ್."

ಹೆಡ್ ಕಾನ್‌ಸ್ಟೇಬಲ್ ಗಂಟಲು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿದ. "ನಾನು ಕ್ಯಾಲೆಂಡರ್ ನೋಡ್ತಾ ಇದ್ದೀನಿ. ಈ ತಿಂಗಳು ಎಷ್ಟು ಭಾನುವಾರ ಬರತ್ತೆ ಅಂತ ಎಣಿಸ್ಬೇಕು," ಎಂದ.

ಅವನು ಮೂರನೆಯ ಭಾನುವಾರಕ್ಕೆ ಬರುವಷ್ಟರಲ್ಲಿ ಗುಮಾಸ್ತರ ಬೀಗ ಬಿಚ್ಚಿಕೊಂಡು ಸರಪಳಿಯಲ್ಲಿ ನೇತಾಡುತ್ತಿತ್ತು. ಅಂಗಡಿಯವನು ಇದನ್ನು ಆನೆಯೂ ಮುರಿಯಲಾರದು ಎಂದು ಹೇಳಿದ್ದ. ಗುಮಾಸ್ತರು ಅದನ್ನು ನೋಡಿ, ಹೆಂಚಪ್ಪನನ್ನು ನೋಡಿ, ಮೂವತ್ತೊಂದು ವರ್ಷ ತಾವು ಕಾದದ್ದು ಏನನ್ನು ಎಂದು ದಿಗ್ಭ್ರಮೆಯಿಂದ ನಿಂತರು.

"ಅದನ್ನೂ ಪಿನ್ನಲ್ಲೇ ತೆಗೀರಿ, ಬೇಗ ಆಗತ್ತೆ," ಎಂದಳು ಹುಡುಗಿ.

ಹೆಂಚಪ್ಪನ ಮುಖ ಸಣ್ಣದಾಯಿತು. "ಇದಕ್ಕೆ ನನ್ನ ಹತ್ರ ಕೀ ಇದೆ ತಾಯಿ."

ಪಿನ್ನನ್ನು ಅವಳಿಗೆ ವಾಪಸು ಕೊಟ್ಟ. ಕರ್ಚೀಫಿನ ಗಂಟು ಬಿಚ್ಚಿದ, ಒಂದು, ಎರಡು, ಮೂರು. ಪಿನ್ನು ಹಿಡಿದಾಗ ಒಂದಿಷ್ಟೂ ಅಲುಗದ ಕೈ, ಕೀ ಹಿಡಿದಾಗ ಗಡಗಡ ನಡುಗಿತು. ಕೀ ತೂತಿಗೆ ಸೇರಲು ಮೂರು ಸಲ ಬೇಕಾಯಿತು. ತಿರುಗಿಸಿದ, ಬೀಗ ತೆರೆಯಿತು.

ಹುಡುಗಿ ಫೈಲು ಎಳೆದುಕೊಂಡು ಓಡಿದಳು. ಐದನೆಯ ಭಾನುವಾರ ಇದೆಯೋ ಇಲ್ಲವೋ ಎಂಬುದನ್ನು ಅಲ್ಲಿಗೇ ಬಿಟ್ಟು ಹೆಡ್ ಕಾನ್‌ಸ್ಟೇಬಲ್ಲೂ ಓಡಿ ಜೀಪು ಹೊರಡಿಸಿದ.

ಮನೆಯಲ್ಲಿ ಉಳಿದವರು ಫೋನನ್ನು ನಡುವೆ ಇಟ್ಟುಕೊಂಡು ಕೂತರು. ಎರಡು ಹೊಡೆಯಿತು. ಎರಡೂ ಹತ್ತಾಯಿತು. ಗುಮಾಸ್ತರು ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದು ಬಂದು ಮತ್ತೆ ಕೂತರು. ಎರಡೂವರೆಗೆ ಫೋನು ಬಾಯಿಬಿಟ್ಟಿತು. ತಂಗಿ ಕಿವಿಗಿಟ್ಟುಕೊಂಡಳು, ಕೇಳಿದಳು, ಅತ್ತೇಬಿಟ್ಟಳು. "ನೋಡಿದ್ರಂತೆ. ಎಲ್ಲಾ ಸರಿಯಿದೆ ಅಂದ್ರಂತೆ. ಸೋಮವಾರದಿಂದ ಬಾ ಅಂದ್ರಂತೆ!" ಟೈಲರ್ ಹೆಂಚಪ್ಪನನ್ನು ತಬ್ಬಿಕೊಂಡ. ತಬ್ಬಿಕೊಂಡ ಮೇಲೆ ಹೊಲಿಗೆ ಯಂತ್ರ ನೆನಪಾಗಿ ಸ್ವಲ್ಪ ಸಡಿಲ ಬಿಟ್ಟ.

ಸಂಜೆ ಗುಮಾಸ್ತರು ರಿಜಿಸ್ಟರಿನಲ್ಲಿ "ಕೀ ವಾಪಸು" ಎಂದು ಬರೆದು ಹೆಂಚಪ್ಪನ ಮುಂದಿಟ್ಟರು. ಹೆಂಚಪ್ಪ ಪೆನ್ನು ತೆಗೆದುಕೊಂಡ. ಕೀಯನ್ನು ಮೇಜಿನ ಮೇಲಿಟ್ಟ. ಸಹಿ ಮಾತ್ರ ಹಾಕಲಿಲ್ಲ.

ಅದನ್ನು ಕಂಡವಳು ತಂಗಿ. "ಅಣ್ಣ, ಆ ಬೀಗ ಈ ಮನೇಲೇ ಇರಲಿ. ಕೀ ಅವರ ಹತ್ರಾನೇ ಇರಲಿ."

ಗುಮಾಸ್ತರು ತತ್ತರಿಸಿದರು. "ಇನ್ನೊಂದು ಬೀಗ? ಅದರ ಕೀ ಯಾರ ಹತ್ತಿರ?"

"ಇನ್ನೊಂದು ಬೇಡ. ಒಂದೇ ಸಾಕು."

ಒಂದೇ ಬೀಗ, ಒಂದೇ ಕೀ, ಅದೂ ಹೆಂಚಪ್ಪನ ಹತ್ತಿರ! ಗುಮಾಸ್ತರು ಪೆನ್ನನ್ನು ವಾಪಸು ತೆಗೆದುಕೊಂಡರು. ಆಮೇಲೆ ರಿಜಿಸ್ಟರಿನ ಸಾಲನ್ನು ತಾವೇ ಹೊಡೆದುಹಾಕಿದರು. ಹೆಂಚಪ್ಪ ಕೀಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಎದ್ದ.

ಹೊರಗೆ ಜೀಪಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಕಾಯುತ್ತಿದ್ದ. "ಹೆಂಚಪ್ಪಾ, ನಾಳೆ ಹತ್ತು ಗಂಟೆ. ಮರೀಬೇಡ."

"ಬರ್ತೀನಿ ಸಾರ್," ಎಂದ ಹೆಂಚಪ್ಪ ಗೇಟು ದಾಟುತ್ತ. "ಆದರೆ ಇನ್ಮೇಲೆ ಐದು ನಿಮಿಷ ತಡ ಆಗಬಹುದು. ದಾರೀಲಿ ಒಂದು ಮನೆಗೆ ಹೋಗಿ ಬೀಗ ನೋಡ್ಕೊಂಡು ಬರಬೇಕು."